ತೊಗಲು, ಖಾಲ್, ಟ್ಯಾಕ್ಸಿಡರ್ಮಿ: ಒಂದು ಕೆಲಸಕ್ಕೆ ಇಟ್ಟ ಹೆಸರುಗಳು

ಗಡಿನಾಡ ಕನ್ನಡದ ಈ ಸರಣಿಯಲ್ಲಿ ಹಿಂದೆ ಮಾತಾಡಿದವರು ಶಾಲೆ, ಶಾಸನ, ಹಾಡು ಹೀಗೆ ದೊಡ್ಡ ವಿಷಯಗಳನ್ನು ಎತ್ತಿಕೊಂಡಿದ್ದರು. ನಾನು ಒಂದೇ ಒಂದು ಪದ ಹಿಡಿದುಕೊಂಡು ಬಂದಿದ್ದೇನೆ. ಆ ಪದ ಟ್ಯಾಕ್ಸಿಡರ್ಮಿ. ಇದಕ್ಕೂ ಗಡಿನಾಡಿಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಮೊದಲಿಗೆ ನನಗೂ ಹಾಗೇ ಅನ್ನಿಸಿತ್ತು.

ನಾನು ತಾಳವಾಡಿ ಕಡೆಯವಳು. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಮ್ಮ ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಮನೆಯಲ್ಲಿ ಚಾಮರಾಜನಗರದ ಕನ್ನಡ, ಕಚೇರಿಯಲ್ಲಿ ತಮಿಳು, ಈಗ ತರಗತಿಯಲ್ಲಿ ಪುಸ್ತಕದ ಕನ್ನಡ. ಹೋದ ವರ್ಷ ಅನುವಾದದ ಪತ್ರಿಕೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದು ತುಣುಕನ್ನು ಕನ್ನಡಕ್ಕೆ ತರಬೇಕಿತ್ತು. ಅದರಲ್ಲಿ ಈ ಪದ ಸಿಕ್ಕಿತು. ಹಿಂದಿ ನಿಘಂಟು ನೋಡಿದೆ, 'ಚರ್ಮ ಪ್ರಸಾಧನ' ಅಂತಿತ್ತು. ಸಂಸ್ಕೃತ ಪದ ತಾನೇ, ಕನ್ನಡಕ್ಕೂ ಆಗುತ್ತೆ ಅಂತ ಹಾಗೇ ಇಳಿಸಿಬಿಟ್ಟೆ. ರಾತ್ರಿ ಫೋನಿನಲ್ಲಿ ಅಜ್ಜಿಗೆ ಹೇಳಿದೆ. "ಹಂಗಂದ್ರ ಯಾನ?" ಅಂದರು. ಸತ್ತ ಪ್ರಾಣಿಯ ತೊಗಲು ತೆಗೆದು, ಒಳಗೆ ಅಚ್ಚು ಇಟ್ಟು, ಜೀವ ಇರೋ ಹಾಗೆ ನಿಲ್ಲಿಸೋದು ಅಂತ ವಿವರಿಸಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ ನೆಟ್ಟಗ ಹೇಳಕಾಗಲ್ವ ಮಗ?" ಅಂದರು.

ಈ ಪ್ರಬಂಧ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ. ಒಂದೇ ಕೆಲಸಕ್ಕೆ ಇಂಗ್ಲಿಷು, ಹಿಂದಿ, ಕನ್ನಡ ಬೇರೆ ಬೇರೆ ಹೆಸರಿಟ್ಟಿವೆ. ಪ್ರತಿ ಹೆಸರೂ ಆ ಕೆಲಸದ ಒಂದು ಭಾಗವನ್ನು ತೋರಿಸಿ ಇನ್ನೊಂದು ಭಾಗವನ್ನು ಮುಚ್ಚುತ್ತದೆ. ಮುಚ್ಚಿಹೋಗುವುದು ಯಾವಾಗಲೂ ತೊಗಲು ಮುಟ್ಟಿದ ಕೈ. ನಾನು ಹೇಳಬೇಕೆಂದಿರುವುದು ಇಷ್ಟೇ.

ಇಂಗ್ಲಿಷಿನ ಪದ: ಜೋಡಣೆ ಮತ್ತು ತೊಗಲು

ಟ್ಯಾಕ್ಸಿಡರ್ಮಿ ಗ್ರೀಕ್ ಬೇರುಗಳಿಂದ ಕಟ್ಟಿದ ಪದ. 'ತಾಕ್ಸಿಸ್' ಎಂದರೆ ಜೋಡಣೆ, ಅಣಿಗೊಳಿಸುವುದು. 'ದೆರ್ಮ' ಎಂದರೆ ತೊಗಲು. ವ್ಯಾಕರಣದಲ್ಲಿ ನಾವು ಓದುವ ಸಿಂಟ್ಯಾಕ್ಸ್, ಜೀವಶಾಸ್ತ್ರದ ಟ್ಯಾಕ್ಸಾನಮಿ, ಎರಡರಲ್ಲೂ ಇರುವುದು ಇದೇ ತಾಕ್ಸಿಸ್. ಚರ್ಮವೈದ್ಯರನ್ನು ಡರ್ಮಟಾಲಜಿಸ್ಟ್ ಅನ್ನುತ್ತೇವಲ್ಲ, ಅದು ದೆರ್ಮದಿಂದ ಬಂದದ್ದು. ಈ ದೆರ್ಮದ ಹಿಂದೆ 'ಸುಲಿ' ಎಂಬ ಅರ್ಥದ ಗ್ರೀಕ್ ಧಾತು ಇದೆ. ಸಂಸ್ಕೃತದಲ್ಲಿ ಅದರ ನಂಟಿನ ಧಾತು ಸೀಳುವುದನ್ನು ಹೇಳುತ್ತದೆ. ನರಸಿಂಹನ ಕತೆಯಲ್ಲಿ ಕೇಳುವ 'ವಿದಾರಣ', ತೊಗಲಿನ ಚೀಲ ಎಂಬ ಅರ್ಥದ 'ದೃತಿ', ಇವೆರಡೂ ಆ ಧಾತುವಿನವು. ಅಂದರೆ ಪದದ ಬುಡದಲ್ಲಿ ಸೀಳುವುದೂ ಸುಲಿಯುವುದೂ ಇವೆ. ಆದರೆ ಇಂಗ್ಲಿಷಿನಲ್ಲಿ ಕೇಳುವಾಗ ಅದು ಯಾರಿಗೂ ಹೊಳೆಯುವುದಿಲ್ಲ, ವಿಜ್ಞಾನದ ಶಾಖೆಯೊಂದರ ಹೆಸರು ಕೇಳಿದ ಹಾಗಿರುತ್ತದೆ.

ಬೇರು ಹಳೆಯದು, ಪದ ಮಾತ್ರ ಹೊಸದು. ಪ್ಯಾರಿಸ್ಸಿನ ಪ್ರಕೃತಿ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದ್ದ ಲೂಯಿ ದ್ಯುಫ್ರೆನ್ 1803ರಲ್ಲಿ ಪ್ರಕೃತಿ ಇತಿಹಾಸದ ಒಂದು ಫ್ರೆಂಚ್ ಕೋಶಕ್ಕೆ ಬರೆದ ಲೇಖನದಿಂದ ಇದು ಬಳಕೆಗೆ ಬಂತು. ಇಂಗ್ಲಿಷಿನಲ್ಲಿ 1820ರಲ್ಲಿ ಸಾರಾ ಬೌಡಿಚ್ ಎಂಬ ಮಹಿಳೆ ಸಿದ್ಧಪಡಿಸಿದ ಕೈಪಿಡಿಯ ಹೆಸರೇ 'ಟ್ಯಾಕ್ಸಿಡರ್ಮಿ'. ಕೆಲಸ ಅದಕ್ಕಿಂತ ಮುಂಚಿನಿಂದಲೂ ಇತ್ತು. ಹಕ್ಕಿಗಳ ತೊಗಲಿಗೆ ಹುಲ್ಲು, ಹತ್ತಿ ತುರುಕುತ್ತಿದ್ದರು, ಕೆಲವೇ ವರ್ಷಗಳಲ್ಲಿ ಹುಳು ಹತ್ತಿ ಹಾಳಾಗುತ್ತಿತ್ತು. ಫ್ರಾನ್ಸಿನ ಮೆಟ್ಸ್ ಊರಿನ ಬೆಕೂರ್ ಹದಿನೆಂಟನೇ ಶತಮಾನದಲ್ಲಿ ಪಾಷಾಣ, ಕರ್ಪೂರ, ಸಾಬೂನು ಮುಂತಾದವುಗಳನ್ನು ಬೆರೆಸಿ ಒಂದು ಲೇಪ ಮಾಡಿದ. ಅದನ್ನು ಒಳಮೈಗೆ ಬಳಿದರೆ ಹುಳು ಹತ್ತುತ್ತಿರಲಿಲ್ಲ. ದೊಡ್ಡ ವಸ್ತುಸಂಗ್ರಹಾಲಯಗಳು ಬೆಳೆಯುವುದಕ್ಕೆ ಈ ವಿಷದ ಸಾಬೂನು ದಾರಿ ಮಾಡಿತು. ಹಳೆಯ ಮಾದರಿಗಳನ್ನು ಬರಿಗೈಲಿ ಮುಟ್ಟಬೇಡಿ ಅಂತ ಇವತ್ತಿಗೂ ಹೇಳುವುದು ಇದಕ್ಕೇ.

ಇಂಗ್ಲಿಷಿನಲ್ಲಿ ಇನ್ನೊಂದು ಜಗಳವೂ ಇದೆ. ಸಾಮಾನ್ಯ ಜನ 'ಸ್ಟಫ್ಡ್' ಅನ್ನುತ್ತಾರೆ, ಅಂದರೆ ತುರುಕಿದ್ದು. ಕೆಲಸ ಬಲ್ಲವರಿಗೆ ಆ ಮಾತು ಹಿಡಿಸುವುದಿಲ್ಲ, ಅವರದು 'ಮೌಂಟ್'. ತುರುಕುವುದು ಬೇರೆ, ಮೈಕಟ್ಟು ನೋಡಿ ಅಚ್ಚು ಮಾಡಿ ಅದರ ಮೇಲೆ ತೊಗಲು ಕೂರಿಸುವುದು ಬೇರೆ ಅನ್ನುವುದು ಅವರ ವಾದ. ಅಮೆರಿಕದಲ್ಲಿ 1880ರಲ್ಲಿ ಟ್ಯಾಕ್ಸಿಡರ್ಮಿಸ್ಟರು ತಮ್ಮದೇ ಸಂಘ ಕಟ್ಟಿಕೊಂಡರು. ತಮ್ಮನ್ನು ಕಲಾವಿದರೆಂದು ಒಪ್ಪಬೇಕು ಎಂಬುದು ಅವರ ಆಸೆಯಾಗಿತ್ತು. ಆ ಸಂಘ ಕಟ್ಟಿದವರಲ್ಲಿ ಒಬ್ಬ ವಿಲಿಯಂ ಹಾರ್ನಡೆ. ಅವನ ಹೆಸರು ನೆನಪಿಡಿ, ಮುಂದೆ ಅವನು ನಮ್ಮ ಕಾಡಿಗೇ ಬರುತ್ತಾನೆ.

ತೊಗಲಿನ ಕೆಲಸಕ್ಕೆ ಗ್ರೀಕ್ ಹೆಸರು ಸಿಕ್ಕಿದ್ದರಿಂದ ಅದಕ್ಕೆ ಮರ್ಯಾದೆಯೂ ಸಿಕ್ಕಿತು. ಚರ್ಮ ಹದ ಮಾಡುವವನು ಊರಾಚೆ ಇದ್ದ, ಟ್ಯಾಕ್ಸಿಡರ್ಮಿಸ್ಟ್ ವಸ್ತುಸಂಗ್ರಹಾಲಯದ ಒಳಗೆ ಬಂದ. ಇಬ್ಬರ ಕೈಗೆ ಹತ್ತುವ ವಾಸನೆ ಮಾತ್ರ ಒಂದೇ.

ಹಿಂದಿಯ ಪದಗಳು: ಬೆದರಿಕೆಯಿಂದ ಪ್ರಸಾಧನದವರೆಗೆ

ಹಿಂದಿಯಲ್ಲಿ ಈ ಕೆಲಸಕ್ಕೆ ಮೂರು ಬಗೆಯ ಮಾತಿದೆ. ಒಂದು, ಇಂಗ್ಲಿಷ್ ಪದವನ್ನೇ ನಾಗರಿ ಲಿಪಿಯಲ್ಲಿ ಬರೆಯುವುದು. ಇನ್ನೊಂದು, ನಿಘಂಟಿನ ಪದಗಳಾದ 'ಚರ್ಮಪೂರಣ್' ಮತ್ತು 'ಚರ್ಮ ಪ್ರಸಾಧನ್'. ಮೂರನೆಯದು ಜನರ ಬಾಯಲ್ಲಿರುವುದು. ಅಲ್ಲಿ ತೊಗಲಿಗೆ 'ಖಾಲ್', ಹೊಟ್ಟಿಗೆ 'ಭೂಸಾ'. 'ಖಾಲ್ ಮೇಂ ಭೂಸಾ ಭರ್‌ನಾ' ಎಂದರೆ ತೊಗಲೊಳಗೆ ಹೊಟ್ಟು ತುಂಬುವುದು. ಆದರೆ ಹಿಂದಿಯವರು ಈ ಮಾತನ್ನು ಹೆಚ್ಚಾಗಿ ಬಳಸುವುದು ಪ್ರಾಣಿಯ ವಿಷಯಕ್ಕಲ್ಲ, ಬೈಯುವುದಕ್ಕೆ. ನಿನ್ನ ಚರ್ಮ ಸುಲಿದು ಹೊಟ್ಟು ತುಂಬಿಬಿಡ್ತೀನಿ ಅನ್ನುವ ಬೆದರಿಕೆ ಅದು. ನಮ್ಮ ಕಡೆ "ಚರ್ಮ ಸುಲಿದುಬುಡ್ತಿನಿ" ಅಂತಾರಲ್ಲ, ಹಿಂದಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ತುಂಬಿಯೇ ಬಿಡುತ್ತಾರೆ.

ಈ ನುಡಿಗಟ್ಟಿನಲ್ಲಿ ಒಂದು ಪ್ರಾಮಾಣಿಕತೆ ಇದೆ. ಸುಲಿಯುವವನು, ಸುಲಿಸಿಕೊಳ್ಳುವವನು ಇಬ್ಬರೂ ಅದರಲ್ಲಿ ಇದ್ದಾರೆ, ಯಾರ ಕೈ ಮೇಲೆ ಅನ್ನುವುದೂ ಗೊತ್ತಾಗುತ್ತದೆ. ನಿಘಂಟಿನ ಪದಗಳಲ್ಲಿ ಅದಿಲ್ಲ. 'ಚರ್ಮಪೂರಣ್' ಎಂದರೆ ಚರ್ಮ ತುಂಬುವುದು. 'ಪ್ರಸಾಧನ್' ಎಂದರೆ ಅಲಂಕಾರ, ಸಿಂಗಾರ. ಸೌಂದರ್ಯವರ್ಧಕಗಳಿಗೆ ಹಿಂದಿಯಲ್ಲಿ 'ಸೌಂದರ್ಯ ಪ್ರಸಾಧನ್' ಅನ್ನುತ್ತಾರೆ. ಉತ್ತರದ ರೈಲು ನಿಲ್ದಾಣಗಳಲ್ಲಿ ಶೌಚಾಲಯದ ಬಾಗಿಲ ಮೇಲೂ 'ಪ್ರಸಾಧನ್' ಅಂತ ಬರೆದಿರುತ್ತದೆ. ಕನ್ನಡದಲ್ಲಿ ನಾಟಕದ ಕರಪತ್ರ ನೋಡಿ: ಬೆಳಕು ಇಂಥವರು, ಪ್ರಸಾಧನ ಇಂಥವರು ಅಂತ ಇರುತ್ತದೆ, ಅಂದರೆ ಮೇಕಪ್ಪು. ನಾನು ಅನುವಾದದಲ್ಲಿ 'ಚರ್ಮ ಪ್ರಸಾಧನ' ಅಂತ ಬರೆದಾಗ ಓದಿದವರು ಸತ್ತ ಹುಲಿಯನ್ನು ಕಂಡಿರಲಾರರು. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವವರನ್ನು ಕಂಡಿರುತ್ತಾರೆ.

'ಪೂರಣ'ದ ಕತೆ ಇನ್ನೂ ಮಜವಾಗಿದೆ. ಪಕಾರ ಹಕಾರವಾದಾಗ ಅದು ನಮ್ಮ 'ಹೂರಣ'. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಗೆಳೆಯರಿಗೆ ಮರಾಠಿಯ ಪೂರಣಪೋಳಿಯೂ ಗೊತ್ತು, ಕನ್ನಡದ ಹೂರಣದ ಹೋಳಿಗೆಯೂ ಗೊತ್ತು. ಅವರ ಕಿವಿಗೆ 'ಚರ್ಮಪೂರಣ' ಬಿದ್ದರೆ ಏನಾಗುತ್ತದೆ ಯೋಚಿಸಿ. ದೆಹಲಿಯಲ್ಲಿ ಕೂತು ಎಲ್ಲ ಭಾಷೆಗೂ ಸಂಸ್ಕೃತದಿಂದ ಒಂದೇ ಪದ ಹಂಚಿದರೆ ಆಗುವ ತೊಂದರೆ ಇದು. ಪದ ಎಲ್ಲರದೂ ಆಗಿರುತ್ತದೆ, ಆದರೆ ಒಂದೊಂದು ಊರಿನಲ್ಲಿ ಒಂದೊಂದು ನೆನಪು ಅದಕ್ಕೆ ಅಂಟಿಕೊಂಡಿರುತ್ತದೆ.

ನಮ್ಮ ಕಾಡು, ಅವರ ಟ್ರೋಫಿ

ಈಗ ಹಾರ್ನಡೆಯ ಕಡೆಗೆ ಬರೋಣ. ಅಮೆರಿಕದ ರೋಚೆಸ್ಟರ್ ಊರಲ್ಲಿ ವಸ್ತುಸಂಗ್ರಹಾಲಯಗಳಿಗೆ ಪ್ರಾಣಿಗಳ ಮಾದರಿ ಒದಗಿಸುವ ಒಂದು ಸಂಸ್ಥೆ ಇತ್ತು. ಅದರ ಪರವಾಗಿ ಅವನು 1877ರಲ್ಲಿ ಇಂಡಿಯಾಕ್ಕೆ ಬಂದ. ನೀಲಗಿರಿಯಲ್ಲಿ, ವಯನಾಡಿನ ಕಾಡಿನಲ್ಲಿ, ಆನೆಮಲೆಯಲ್ಲಿ ಬೇಟೆಯಾಡಿದ. 1885ರಲ್ಲಿ ಪ್ರಕಟವಾದ ಅವನ ಪ್ರವಾಸಕಥನದಲ್ಲಿ ನೀಲಗಿರಿ, ವಯನಾಡುಗಳ ಅಧ್ಯಾಯಗಳಿವೆ. ವಾಪಸು ಹೋದ ಮೇಲೆ 1882ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮುಖ್ಯ ಟ್ಯಾಕ್ಸಿಡರ್ಮಿಸ್ಟನಾದ. ನಮ್ಮ ಕಾಡಿನ ತೊಗಲುಗಳು ಕಡಲು ದಾಟಿ, ಗಾಜಿನ ಪೆಟ್ಟಿಗೆಯೊಳಗೆ ನಿಲ್ಲುವ ಕಾಲ ಅದು.

ಅದೇ 1877ರಲ್ಲಿ ನೀಲಗಿರಿಯ ಬೇಟೆಗಾರ ಸಾಹೇಬರು ತಮ್ಮದೊಂದು ಸಂಘ ಮಾಡಿಕೊಂಡರು. 1879ರಲ್ಲಿ ನೀಲಗಿರಿಯ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯ್ದೆ ಬಂತು. ಕಾಡಿನಲ್ಲಿ ಬೇಟೆಯಾಡುವುದಕ್ಕೆ ಪರವಾನಗಿ ಬೇಕಾಯಿತು. ಪರವಾನಗಿ ಇದ್ದವರು ತೊಗಲನ್ನು ಗೋಡೆಗೆ ಏರಿಸಿದರು. ಅವರಿಗೆ ಹೆಜ್ಜೆ ಜಾಡು ತೋರಿಸುತ್ತಿದ್ದವರು ಕುರುಬರೇ ಮೊದಲಾದ ಕಾಡಿನ ಜನ. ಜೇನು ಕುರುಬರು, ಬೆಟ್ಟ ಕುರುಬರು ಇವತ್ತಿಗೂ ವಯನಾಡು, ಮುದುಮಲೆ, ಬಂಡೀಪುರ ಮೂರೂ ಕಡೆ ಇದ್ದಾರೆ. ಕನ್ನಡಕ್ಕೆ ಹತ್ತಿರದ ಅವರ ನುಡಿಗಳಲ್ಲಿ ಹುಲಿಗೆ, ತೊಗಲಿಗೆ, ಸುಲಿಯುವುದಕ್ಕೆ ಪದಗಳಿವೆ. ಅವು ಗೋಡೆಯ ಮೇಲಿನ ಹಿತ್ತಾಳೆ ಫಲಕಕ್ಕೆ ಬರಲಿಲ್ಲ. ಅಲ್ಲಿ ಬಂದದ್ದು ಗುಂಡು ಹೊಡೆದವನ ಹೆಸರು.

ಈ ಮೂರು ರಾಜ್ಯಗಳ ಕಾಡುಗಳಿಗೆ ನಡುವಿನ ಊರು ಮೈಸೂರು. 1900ರ ಹೊತ್ತಿಗೆ ಯೂಜಿನ್ ವಾನ್ ಇಂಗೆನ್ ಅಲ್ಲಿ ಕಾರ್ಖಾನೆ ತೆರೆದರು. 'ವಾನ್ ಇಂಗೆನ್ ಅಂಡ್ ವಾನ್ ಇಂಗೆನ್' ಎಂಬ ಹೆಸರು ಮಹಾರಾಜರುಗಳಿಗೂ ಬ್ರಿಟಿಷ್ ಅಧಿಕಾರಿಗಳಿಗೂ ಚಿರಪರಿಚಿತವಾಯಿತು. ಕಾಗದದ ರೊಟ್ಟಿನ ಅಚ್ಚುಗಳ ಮೇಲೆ ತೊಗಲು ಕೂರಿಸುವುದು ಅವರ ಪದ್ಧತಿ. ತೊಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅವರ ಕೈಯಲ್ಲಿ ಹಾದುಹೋದ ಹುಲಿ, ಚಿರತೆಗಳು ಒಟ್ಟು 43 ಸಾವಿರಕ್ಕೂ ಮಿಕ್ಕಿ ಎಂಬ ಅಂದಾಜಿದೆ. ಆ ಸಂಸ್ಥೆಯ ಇತಿಹಾಸ ಬರೆದವರು ಬ್ರಿಟನ್ನಿನ ಪ್ಯಾಟ್ ಮಾರಿಸ್. ಮನೆತನದ ಜೂಬರ್ಟ್ ವಾನ್ ಇಂಗೆನ್ 2013ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಆ ಕಾರ್ಖಾನೆಯಲ್ಲಿ ತೊಗಲು ಕೆರೆದವರು, ಉಪ್ಪು ಹಚ್ಚಿದವರು, ಅಚ್ಚು ಹೊಯ್ದವರು, ಗಾಜಿನ ಕಣ್ಣು ಕೂರಿಸಿದವರು ಊರಿನ ಕೆಲಸಗಾರರು. ಅವರು ದಿನವೂ ಮಾಡಿದ ಕೆಲಸಕ್ಕೆ ನಮ್ಮ ಕನ್ನಡ ನಿಘಂಟುಗಳಲ್ಲಿ ಒಂದು ನೆಲೆನಿಂತ ಪದ ಇಲ್ಲದೇ ಹೋಯಿತು ಅನ್ನುವುದು ನನಗೆ ಬಹಳ ಕಾಡಿದ ಸಂಗತಿ. ಇವತ್ತಿಗೂ ನಾವು 'ಸ್ಟಫ್ ಮಾಡಿದ ಹುಲಿ' ಅನ್ನುತ್ತೇವೆ.

1972ರ ಕಾಯ್ದೆ ಬಂದ ಮೇಲೆ ಈ ಪದದ ಬಾಳೇ ಬದಲಾಯಿತು. ಕಾಯ್ದೆ ಟ್ಯಾಕ್ಸಿಡರ್ಮಿಗೆ ಕೊಡುವ ಅರ್ಥ ಟ್ರೋಫಿಗಳನ್ನು ಹದ ಮಾಡುವುದು, ತಯಾರಿಸುವುದು, ಕೆಡದಂತೆ ಇಡುವುದು. ಪರವಾನಗಿ ಇಲ್ಲದೆ ಅದನ್ನು ದಂಧೆಯಾಗಿ ಮಾಡುವ ಹಾಗಿಲ್ಲ. ಕಲೆಯ ಹೆಸರಾಗಿದ್ದದ್ದು ಅಪರಾಧದ ಪಟ್ಟಿಯ ಪಕ್ಕ ಬಂದು ಕೂತಿತು. 'ಟ್ರೋಫಿ' ಕೂಡ ಗ್ರೀಕಿನಿಂದ ಬಂದದ್ದು. ಯುದ್ಧದಲ್ಲಿ ಶತ್ರು ಬೆನ್ನು ತಿರುಗಿಸಿ ಓಡಿದ ಜಾಗದಲ್ಲಿ ನೆಡುತ್ತಿದ್ದ ಗೆಲುವಿನ ಗುರುತಿಗೆ ಆ ಹೆಸರು. ನಮ್ಮ ಹುಲಿಗಳು ಯಾರ ಮೇಲೂ ಯುದ್ಧ ಸಾರಿರಲಿಲ್ಲ. 2013ರಲ್ಲಿ ತಾಳವಾಡಿಯ ಸುತ್ತಲಿನ ಸತ್ಯಮಂಗಲ ಕಾಡು ಹುಲಿ ರಕ್ಷಿತಾರಣ್ಯವಾಯಿತು. ಈಗ ಅಲ್ಲಿ ಹುಲಿ ಸತ್ತರೆ ಅದರ ತೊಗಲು ಸರ್ಕಾರದ ಸ್ವತ್ತು.

ಹುಲ್ಲಿನ ಕರು

ಇಷ್ಟೆಲ್ಲ ಓದಿದ ಮೇಲೆ ರಜೆಗೆ ಊರಿಗೆ ಹೋದೆ. ಅಜ್ಜಿ ತಾವಾಗಿಯೇ ಒಂದು ಹಳೆಯ ವಿಷಯ ತೆಗೆದರು. ಹಿಂದೆ ಕರು ಸತ್ತರೆ ಹಸು ಸೊರೆ ಬಿಡದೆ ಹಾಲು ಕಟ್ಟಿಕೊಳ್ಳುತ್ತಿತ್ತು. ಆಗ ಕರುವಿನ ತೊಗಲಿಗೆ ಹುಲ್ಲು ತುಂಬಿ ಹಸುವಿನ ಮುಂದೆ ಇಡುತ್ತಿದ್ದರು. ಹಸು ಅದನ್ನು ನೆಕ್ಕುತ್ತಾ ಸೊರೆ ಬಿಡುತ್ತಿತ್ತು. ತಮಿಳಿನಲ್ಲಿ ಇದಕ್ಕೆ 'ವೈಕ್ಕೋಲ್ ಕನ್ರುಕ್ಕುಟ್ಟಿ' ಅನ್ನುತ್ತಾರೆ, ಹುಲ್ಲಿನ ಕರು. ಉತ್ತರದ ಕಡೆಯೂ ಈ ಪದ್ಧತಿ ಇತ್ತು. ಟ್ಯಾಕ್ಸಿಡರ್ಮಿ ಅನ್ನುವ ಪದ ಹುಟ್ಟಬೇಕಾದರೆ ಯಾವ ಸಾಹೇಬನೂ ನಮ್ಮ ಕೊಟ್ಟಿಗೆಗೆ ಬರಬೇಕಿರಲಿಲ್ಲ, ಕೆಲಸ ಮಾತ್ರ ಕೊಟ್ಟಿಗೆಯಲ್ಲೇ ಇತ್ತು.

"ನಮ್ಮಟ್ಟೀಲಿ ಒಂದ್ಸಲ ಮಾಡ್ಸಿದ್ರು," ಅಂದರು ಅಜ್ಜಿ. "ಆಮ್ಯಾಕ ನಾನೇ ಬ್ಯಾಡ ಅಂದಿ. ಹಸ ನಂಬ್ಕಂಡು ನೆಕ್ಕದ ನೋಡಕಾಗ್ನಿಲ್ಲ ಕನ ಮಗ."

ಆ ತೊಗಲು ಸುಲಿದು ಹುಲ್ಲು ತುಂಬಿದ್ದು ಯಾರು ಅಂತ ಕೇಳಿದೆ. ಅಜ್ಜಿ ಆಚೆ ಬೀದಿಯ ಕಡೆ ಕೈ ತೋರಿಸಿದರು. ಇಷ್ಟು ವರ್ಷದಲ್ಲಿ ನಾನು ಆ ಬೀದಿಗೆ ಏನನ್ನಾದರೂ ಕೇಳಿ ತಿಳಿಯುವುದಕ್ಕೆ ಹೋದವಳೇ ಅಲ್ಲ. ಇದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಈ ಪ್ರಬಂಧ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಊಟದ ಹೊತ್ತಿನಲ್ಲಿ 'ತೊಗಲು' ಅನ್ನುವ ಮಾತನ್ನೇ ಆಡುತ್ತಿರಲಿಲ್ಲ. 'ಚರ್ಮ' ಅಂದರೆ ನಡೆಯುತ್ತಿತ್ತು. ಶಿವನನ್ನು ಗಜಚರ್ಮಾಂಬರ ಅಂತ ಹೊಗಳಬಹುದು, ಕೃತ್ತಿವಾಸ ಅನ್ನಬಹುದು. ಬಸವಣ್ಣನವರ ಕಾಲದ ಸಮಗಾರ ಹರಳಯ್ಯನ ಕತೆ ಕೇಳಿ ಕಣ್ಣೀರು ಹಾಕಬಹುದು. ತೊಗಲು ಮುಟ್ಟುವ ಪಕ್ಕದ ಬೀದಿಯವರ ಪದ ಮಾತ್ರ ನಮಗೆ ಬೇಡ. ನಿಘಂಟುಗಳು 'ಚರ್ಮ'ವನ್ನೇ ಆರಿಸಿಕೊಂಡದ್ದರ ಹಿಂದೆ ನಮ್ಮ ಮನೆಯಂಥ ಮನೆಗಳ ರೂಢಿಯೂ ಇದೆ ಎಂದು ನನ್ನ ಊಹೆ.

ಆ ಬೀದಿಯಲ್ಲಿ ತಮಟೆ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಬಳಿ ಹೋಗಿ ಕೂತೆ. "ತೊಗಲು ತುಂಬೋದು ಅಂತಾರಲ್ಲ ತಾತ..." ಅಂತ ಶುರು ಮಾಡಿದೆ. ಅವರು ನಕ್ಕರು. "ತುಂಬದು ಮೂಟೆಯ ಕನವ್ವ. ತೊಗಲ ಮೊದ್ಲು ಹದ ಮಾಡದು, ಆಮ್ಯಾಕ ಕಟ್ಟದು."

ಹದ ಮಾಡುವುದು, ಕಟ್ಟುವುದು. ಎರಡು ಕ್ರಿಯಾಪದ, ಅಷ್ಟೇ. ಕಾಯ್ದೆ ಹೇಳುವ ಅರ್ಥದಲ್ಲಿ ಮೊದಲನೆಯದು ಹದ ಮಾಡುವುದೇ. ತಮಿಳಿನವರು ವಸ್ತುಸಂಗ್ರಹಾಲಯದ ಹುಲಿಗೆ 'ಪಾಡಂ ಸೆಯ್ದ ಪುಲಿ' ಅನ್ನುವಾಗ ಹೇಳುವುದೂ ಹೆಚ್ಚುಕಡಿಮೆ ಹದವನ್ನೇ. ಇನ್ನು 'ಕಟ್ಟು' ನೋಡಿ. ಕನ್ನಡದಲ್ಲಿ ಮನೆ ಕಟ್ಟುತ್ತೇವೆ, ಮಾಲೆ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ತಮಟೆಗೆ ತೊಗಲು ಕಟ್ಟುತ್ತೇವೆ. ಬಿಡಿಬಿಡಿಯಾದದ್ದನ್ನು ಅಣಿಗೊಳಿಸಿ ಒಂದು ರೂಪಕ್ಕೆ ತರುವುದು ಅದರ ಅರ್ಥ. ಗ್ರೀಕರ ತಾಕ್ಸಿಸ್ ಹೇಳುವುದೂ ಇದನ್ನೇ. ಇಂಗ್ಲಿಷಿನ ಕಸುಬುದಾರರು ತುರುಕುವುದಲ್ಲ, ಕೂರಿಸುವುದು ಅಂತ ಅಷ್ಟು ವರ್ಷ ವಾದಿಸಿದರಲ್ಲ, ಆ ವಾದವನ್ನು ನಮ್ಮೂರ ತಾತ ಒಂದೇ ಉಸಿರಿನಲ್ಲಿ ಮುಗಿಸಿದರು.

ಆದ್ದರಿಂದ ನನ್ನ ಸಲಹೆ ಇದು. ಟ್ಯಾಕ್ಸಿಡರ್ಮಿಯನ್ನು ಕನ್ನಡದಲ್ಲಿ 'ತೊಗಲು ಕಟ್ಟುವ ಕೆಲಸ' ಅನ್ನೋಣ, ಮಾಡುವವರನ್ನು 'ತೊಗಲು ಕಟ್ಟುವವರು' ಅನ್ನೋಣ. ತಮಿಳು, ಮಲಯಾಳದ 'ತೋಲ್', ತೆಲುಗಿನ 'ತೋಲು' ಇದರ ನಂಟಿನವೇ. ಹಾಗಾಗಿ ಗಡಿಯಾಚೆ ಈಚೆ ಎರಡೂ ಕಡೆಯವರಿಗೆ ಅರ್ಥವಾಗುತ್ತದೆ. ಮಡಕಶಿರಾ, ರಾಯದುರ್ಗದ ಕಡೆಯವರಿಗೆ ತೊಗಲುಗೊಂಬೆಯಾಟದಿಂದ ಈ ಪದದ ಗೌರವದ ಬಳಕೆಯೂ ಗೊತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಈ ಹೆಸರಿನಲ್ಲಿ ಕೆಲಸ ಮಾಡಿದ ಕೈ ಕಾಣುತ್ತದೆ.

ಚರ್ಚೆ

ಪ್ರಬಂಧದ ನಂತರ ಕಾಸರಗೋಡಿನ ಸಹಪಾಠಿಯೊಬ್ಬರು ಕೇಳಿದರು: "ಟ್ಯಾಕ್ಸಿಡರ್ಮಿ ಅಂತಲೇ ಬರೆದರೆ ಎಲ್ಲರಿಗೂ ಗೊತ್ತಾಗ್ತದಲ್ಲ? ಬಸ್ಸು, ರೈಲು ಅಂತ ಒಪ್ಪಿಕೊಂಡ ಹಾಗೆ ಇದನ್ನೂ ಒಪ್ಪಿಕೊಳ್ಳಬಾರದಾ?"

ನನ್ನ ಉತ್ತರ: ಕಾನೂನಿನ ಕಾಗದದಲ್ಲಿ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ಬಸ್ಸು ಬರುವ ಮೊದಲು ನಮ್ಮಲ್ಲಿ ಬಸ್ಸು ಇರಲಿಲ್ಲ, ಹಾಗಾಗಿ ಪದವನ್ನೂ ಕೂಡಿಸಿ ತಂದುಕೊಂಡೆವು. ತೊಗಲಿನ ಕೆಲಸ ಹಾಗಲ್ಲ. ಅದು ಇತ್ತು, ಅದಕ್ಕೆ ಮಾತೂ ಇತ್ತು, ನಾವು ಕೇಳಲಿಲ್ಲ.

ಗುರುಗಳೊಬ್ಬರು, "ಕೊಂದು ನಿಲ್ಲಿಸುವ ಕೆಲಸಕ್ಕೆ 'ಕಟ್ಟು' ಅನ್ನುವ ಒಳ್ಳೆಯ ಪದ ಕೊಟ್ಟರೆ ಕೊಂದದ್ದು ಮತ್ತೆ ಮುಚ್ಚಿಹೋಗುವುದಿಲ್ಲವೇ?" ಎಂದು ಕೇಳಿದರು. ಇದು ನ್ಯಾಯವಾದ ಪ್ರಶ್ನೆ, ನಾನು ಇದನ್ನು ಯೋಚಿಸಿರಲಿಲ್ಲ. ಈಗ ಇಷ್ಟು ಹೇಳಬಲ್ಲೆ: 'ಪ್ರಸಾಧನ' ಅಂದಾಗ ತೊಗಲು ಯಾರದ್ದು ಅಂತ ಯಾರೂ ಕೇಳುವುದಿಲ್ಲ. 'ತೊಗಲು ಕಟ್ಟಿದ ಹುಲಿ' ಅಂದರೆ ಎದುರಿಗಿರುವವರು ಒಂದು ಕ್ಷಣವಾದರೂ ನಿಲ್ಲುತ್ತಾರೆ. ಅಜ್ಜಿಗೆ ಫೋನಿನಲ್ಲಿ ಈ ಪದ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅದ ಕೊಂದವ್ರು ಯಾರಂತ?"